ಅಣ್ಣಾಸಾಹೇಬರಿಗೊಂದು ಮೆತ್ತನೆಯ ಕಾಡತೂಸು

ಅಮೆರಿಕಕ್ಕೆ ಬಂದ ಮೇಲೆ ಸೌರಭನಿಗೆ ಯಾವ ಕೊಕ್ಕೆಯೂ ಇಲ್ಲದೆ ಒಂದೇ ಸಲಕ್ಕೆ ಮಂಜೂರಾದದ್ದು ಅಂದರೆ ಬೇಟೆಯ ಲೈಸೆನ್ಸ್ ಮಾತ್ರ. ವೀಸಾಕ್ಕೆ ಎರಡು ಸಲ ಪ್ರಶ್ನೆ ಬಂದಿತ್ತು. ಡ್ರೈವಿಂಗ್ ಟೆಸ್ಟಿನಲ್ಲಿ ಕಿತ್ತಳೆ ಬಣ್ಣದ ಕೋನೊಂದನ್ನು ಕಾರಿನಡಿ ಸಿಕ್ಕಿಸಿಕೊಂಡು ಎಳೆದು ತಂದಿದ್ದ. ಮದುವೆಗೆಂದು ಆರು ತಿಂಗಳು ಫೋನಿನಲ್ಲಿ ಮಾತಾಡಿದ ಹುಡುಗಿ ಫ್ರೆಂಡ್ಸ್ ಆಗಿರೋಣ ಅಂದು, ಆಮೇಲೆ ಅದೂ ಆಗಿರಲಿಲ್ಲ. ಬೇಟೆಯ ಇಲಾಖೆಯವರು ಮಾತ್ರ ಕ್ಲಾಸಿಗೆ ಕೂರಿಸಿ, ಪರೀಕ್ಷೆ ಬರೆಸಿ, ಹೋಗಿ ಬಾ ಮಗನೇ ಅಂದುಬಿಟ್ಟರು. ರೂಮಿಗೆ ಜಿರಳೆ ಬಂದರೆ ಬಾಗಿಲು ಮುಚ್ಚಿ ಹೊರಗೆ ಸೋಫಾದ ಮೇಲೆ ಮಲಗುವ ಮನುಷ್ಯನಿಗೆ.

ಅವನಿಗೆ ಲೈಸೆನ್ಸ್ ಬೇಕಾದದ್ದು ಶೌರ್ಯಕ್ಕಲ್ಲ. ವೀಸಾದ ಮೇಲೆ ಬಂದವನು ಬೇಟೆಯ ಲೈಸೆನ್ಸ್ ಇಲ್ಲದೆ ಬಂದೂಕನ್ನಾಗಲಿ ಗುಂಡನ್ನಾಗಲಿ ಮುಟ್ಟುವ ಹಾಗಿಲ್ಲ. ಅಣ್ಣಾಸಾಹೇಬರ ಗ್ಯಾರೇಜಿನಲ್ಲಿ ಕೂತು ಬಂದೂಕು ಮುಟ್ಟದೆ ಇರುವುದು, ಮದುವೆಮನೆಯ ಅಡಿಗೆಯವರ ನಡುವೆ ಕೂತು ಕೈ ಕಟ್ಟಿಕೊಂಡ ಹಾಗೆ. ಒರೆಸು ಅನ್ನುತ್ತಾರೆ, ಹಿಡಿ ಅನ್ನುತ್ತಾರೆ, ಎಣ್ಣೆ ಕೊಡು ಅನ್ನುತ್ತಾರೆ.

ಡರ್ಹಮ್ಮಿನ ಅವರ ಮನೆಯಲ್ಲಿ ಗ್ಯಾರೇಜಿನ ಮೇಲಿನ ಕೋಣೆ ಸೌರಭನದು. ಔಷಧಿ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ಅವನ ನೌಕರಿ. ಅಂದರೆ ತಪ್ಪು ಹುಡುಕುವುದು, ಬೇರೆಯವರದು. ಬಾಡಿಗೆಗೆ ಬಂದ ಮೊದಲ ನವೆಂಬರಿನಲ್ಲೇ ಕೆಳಗಿನಿಂದ ಮಸಾಲೆಯ ಘಮ ನೆಲದ ಹಲಗೆ ದಾಟಿ ಬಂದಿತ್ತು. ಇಳಿದು ನೋಡಿದರೆ ಲುಂಗಿಯ ಮೇಲೆ ದಪ್ಪ ಜಾಕೆಟ್ ಹಾಕಿದ ದೊಡ್ಡ ಮೀಸೆಯ ಅಂಕಲ್, ಗ್ಯಾಸ್ ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತು, ಜಿಂಕೆಯ ಮಾಂಸ ತಿರುವುತ್ತಿದ್ದರು. ನೀ ತಿಂತಿ ಏನು ಅಂತ ಕೇಳಿದರು. ಸೌರಭ ಬೆಂಗಳೂರಿನ ಈರುಳ್ಳಿಯೂ ಹಾಕದ ಮನೆಯಿಂದ ಬಂದವನು. ತಿಂತೀನಿ ಅಂಕಲ್ ಅಂದ. ಅಲ್ಲಿಂದ ಮುಂದೆ ಅವನು ಬಾಡಿಗೆಯವನಾಗಿ ಉಳಿಯಲಿಲ್ಲ.

ಅಣ್ಣಾಸಾಹೇಬರು ರಾಯಬಾಗದ ಕಡೆಯವರು. ಸೇತುವೆ ಎಂಜಿನಿಯರ್ ಆಗಿ ಬಂದು, ಕೆರೊಲಿನಾದ ಹಳ್ಳಕೊಳ್ಳಗಳ ಮೇಲಿನ ಸೇತುವೆಗಳನ್ನೆಲ್ಲ ಬಡಿದು ಬಡಿದು ನೋಡಿ ನಿವೃತ್ತರಾದವರು. ಬಂದ ಮೊದಲ ಚಳಿಗಾಲದಲ್ಲಿ ಪಶ್ಚಿಮದ ಬೆಟ್ಟಗಳ ನಡುವೆ ಒಂದು ಸೇತುವೆಯ ರಿಪೇರಿಗೆ ಹಾಕಿದ್ದರಂತೆ. ಹೆಂಡತಿಯ ವೀಸಾ ಇನ್ನೂ ಆಗಿರಲಿಲ್ಲ. ಮೋಟೆಲಿನ ರೂಮಿನಲ್ಲಿ ಒಬ್ಬರೇ ಕೂತು ಗೋಡೆ ನೋಡುವುದನ್ನು ಕಂಡ ಅಲ್ಲಿನ ಫೋರ್‌ಮನ್ ಒಬ್ಬ, ಬಾರಯ್ಯ ಅಂತ, ಆಗ ಬೇಟೆ ನಿಷೇಧವಿದ್ದ ಭಾನುವಾರ ಬಿಟ್ಟು ಉಳಿದ ರಜೆಗಳಲ್ಲೆಲ್ಲ ಬೇಟೆಗೆ ಕರೆದುಕೊಂಡು ಹೋದ. ಊರಲ್ಲಿ ಕಬ್ಬಿಗೆ ಬಿದ್ದ ಹಂದಿಗಳ ಮೇಲೆ ಅಜ್ಜನ ಬಂದೂಕು ಹಾರಿಸಿದ ಕೈ. ಮತ್ತೆ ಬಿಡಲಿಲ್ಲ. ಕನ್ನಡ ಸಂಘದ ಪಿಕ್ನಿಕ್ಕಿನಲ್ಲಿ ಯಾರಾದರೂ ಇವತ್ತೇನು ಹೊಡೆದ್ರಿ ಅಂಕಲ್ ಅಂತ ಕಿಚಾಯಿಸಿದರೆ, ಇವತ್ತ ಬರೇ ಹೋಳಿಗಿ, ಅದೂ ಭಾಳ ಒದ್ದಾಡ್ತು ಅನ್ನುತ್ತಿದ್ದರು.

ಇಂಥವರ ಹೆಂಡತಿ ವಿದ್ಯಾವತಿ ಆಂಟಿ ನಿಪ್ಪಾಣಿ ಕಡೆಯ ಜೈನರ ಮನೆಯ ಮಗಳು. ಎರಡೂ ಮನೆಯವರನ್ನು ಎದುರು ಹಾಕಿಕೊಂಡು ಆದ ಮದುವೆ. ಆಂಟಿ ಇವತ್ತಿಗೂ ನೆಲದೊಳಗೆ ಬೆಳೆದದ್ದನ್ನು ಮುಟ್ಟುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ, ಬಾತ್‌ರೂಮಿನಲ್ಲಿ ಜೇಡ ಕಂಡರೆ ಲೋಟದಲ್ಲಿ ಹಿಡಿದು ಹಿತ್ತಲಿಗೆ ಬಿಟ್ಟು ಬರುತ್ತಾರೆ. ಈ ಇಬ್ಬರ ನಡುವೆ ಒಂದು ಕರಾರು. ಬಂದೂಕು, ಮಾಂಸ, ಅದರ ಪಾತ್ರೆ ಪಡಗ ಎಲ್ಲ ಗ್ಯಾರೇಜಿನ ಹೊಸ್ತಿಲು ದಾಟಬಾರದು. ಮತ್ತೆ, ಜೀವ ಒಂದೇ ಏಟಿಗೆ ಹೋಗಬೇಕು. ಬೇಟೆಯಿಂದ ಬಂದ ಗಂಡ ಗ್ಯಾರೇಜಿನ ಒಳಬಾಗಿಲ ಆಚೆ ನಿಲ್ಲುತ್ತಾರೆ. ಆಂಟಿ ಈಚೆ ನಿಂತು ಎಷ್ಟ ಏಟು ಅಂತ ಕೇಳುತ್ತಾರೆ. ಅವರು ಒಂದ ಅನ್ನುತ್ತಾರೆ. ಆಂಟಿ ಒಳಗೆ ಹೋಗಿ ದೀಪ ಹಚ್ಚಿ ಆ ಜಿಂಕೆಯ ಹೆಸರಿನಲ್ಲಿ ಣಮೋಕಾರ ಮಂತ್ರ ಹೇಳುತ್ತಾರೆ. ಆಮೇಲೆ ಅವರಿಗೆ ಸ್ನಾನಕ್ಕೆ ನೀರು. ವರ್ಷಗಟ್ಟಲೆ ನಡೆದುಕೊಂಡು ಬಂದದ್ದು. ಏನೂ ಸಿಗದೆ ಬರಿಗೈಲಿ ಬಂದ ವರ್ಷಗಳು ಬೇಕಾದಷ್ಟು, ಆದರೆ ಎರಡು ಅನ್ನಬೇಕಾದ ವರ್ಷ ಒಂದೂ ಬಂದಿರಲಿಲ್ಲ.

ಸೌರಭ ಎರಡು ಸೀಸನ್ ಅವರ ಹಿಂದೆ ಬ್ಯಾಗ್ ಹೊತ್ತುಕೊಂಡು ಹೋದ. ಮೊದಲ ವರ್ಷ ಸೀನಿ ಜಿಂಕೆ ಓಡಿಸಿದ. ಎರಡನೇ ವರ್ಷ ಸುಮ್ಮನಿರಲು ಕಲಿತ.

ಎರಡು ಸಾವಿರದ ಇಪ್ಪತ್ತಮೂರರ ವಸಂತದಲ್ಲಿ ಅಂಕಲ್ಲಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಅದು ಲಿವರಿಗೂ ಹೋಗಿತ್ತು. ಪಕ್ಕದ ರಾಜ್ಯದ ಶ್ಯಾಂಟಿಲಿಯಿಂದ ಮಗಳು ಚೈತನ್ಯಾ ಬಂದು, ಡಾಕ್ಟರ ಹತ್ತಿರ ಕೇಳಬೇಕಾದ್ದನ್ನೆಲ್ಲ ಕೇಳಿ, ಕಾರಿನಲ್ಲಿ ಕೂತು ಅತ್ತು, ವಾರವಾರ ಬರುತ್ತೇನೆಂದು ಹೋದಳು. ಹಾಗೇ ಬಂದಳು ಕೂಡ. ಕೀಮೋ ಶುರುವಾಯಿತು. ಸಲಸಲಕ್ಕೂ ಕೈಯಲ್ಲಿ ನರ ಹುಡುಕಿ ಚುಚ್ಚುವುದು ಬೇಡವೆಂದು ಬಲಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಒಂದು ಪುಟ್ಟ ಬಿಲ್ಲೆ ಕೂರಿಸಿದರು. ಅದಕ್ಕೆ ಪೋರ್ಟ್ ಅನ್ನುತ್ತಾರೆ, ಔಷಧಿ ಅದರ ಮೂಲಕವೇ ಹೋಗುವುದು. ಅಂಕಲ್ ಅಂಗಿಯ ಗುಂಡಿ ಬಿಚ್ಚಿ ಆ ಉಬ್ಬನ್ನು ಸೌರಭನಿಗೆ ತೋರಿಸಿದರು. ಜಾಗ ನೋಡಿದ ತಕ್ಷಣ ಇಬ್ಬರಿಗೂ ತಿಳಿಯಿತು. ಬಂದೂಕಿನ ಹಿಂತುದಿ ಬಂದು ಒತ್ತುವ ಜಾಗ ಅದೇ.

ನರ್ಸ್ ಬಂದೂಕಿನ ಮಾತೇ ಬೇಡ ಅಂದಳಂತೆ. ಎಡ ಹೆಗಲಿಗೆ ಹಿಡಿಯೋಣವೆಂದರೆ ಎಡಗಣ್ಣಿಗೆ ಪೊರೆ. ಆ ಸಂಜೆ ಅಂಕಲ್ ತಮ್ಮ ಹಳೆಯ ಥರ್ಟಿ-ಆಟ್-ಸಿಕ್ಸ್ ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ಒರೆಸಿದರು. ಆಮೇಲೆ, ಇದು ಕುದುರಿ ಒದ್ದಂಗ ಒದೀತೈತಿ, ಇನ್ನ ಇದರ ಋಣ ಮುಗೀತು ಅಂದರು. ಆದರೆ ಈ ನವೆಂಬರ್ ಒಂದು ಸಲ ಬೆಟ್ಟ ಹತ್ತಬೇಕು, ಮುಂದಿನದು ತಮಗೆ ಇಲ್ಲ ಅನ್ನುವುದನ್ನು ಹವಾಮಾನ ಹೇಳಿದ ಹಾಗೆ ಹೇಳಿದರು.

"ಸೌರಭ್ಯಾ, ನೀ ಕಂಪ್ಯೂಟರ್ ಮನಷ್ಯಾ. ನನ್ನ ಭುಜಾನೂ ಉಳೀಬೇಕು, ಜಿಂಕೀನೂ ಒಂದ ಏಟಿಗೆ ಬೀಳಬೇಕು. ಅಂಥಾ ಕಾಡತೂಸ ಒಂದು ಹುಡುಕು."

ಕಾಡತೂಸು ಅಂದರೆ ಅವರ ಕಡೆ ಬಂದೂಕಿನ ತೋಟಾ. ಸೌರಭ ಆವತ್ತಿನಿಂದ ಹುಡುಕಲು ಕೂತ. ಆಫೀಸಿನಲ್ಲಿ ಯಾವತ್ತೂ ಅಷ್ಟು ನಿಷ್ಠೆಯಿಂದ ಕೆಲಸ ಮಾಡಿರಲಿಲ್ಲ. ಎಕ್ಸೆಲ್ ಶೀಟ್ ತೆರೆದು ತೋಟಾಗಳ ಹೆಸರು ಒಂದರ ಕೆಳಗೊಂದು ಹಾಕಿದ. ಗುಂಡಿನ ತೂಕ, ವೇಗ, ಗಾಳಿಗೆ ಎಷ್ಟು ಸರಿಯುತ್ತೆ, ಎಷ್ಟು ಬಲದಲ್ಲಿ ಬಡಿಯುತ್ತೆ, ಎಷ್ಟು ಒದೆಯುತ್ತೆ, ಎಲ್ಲಕ್ಕೂ ಒಂದೊಂದು ಕಾಲಂ. ಬೆಟ್ಟದ ಬೇಟೆಗಾರರ ಆನ್‌ಲೈನ್ ಗುಂಪುಗಳಿಗೆ ಸೇರಿದ. ಕೊಲೊರಾಡೊದ ಗಡ್ಡದವರು ಕಣಿವೆಯ ಆ ದಂಡೆಯಲ್ಲಿರುವ ಪ್ರಾಣಿಗೆ ಈ ದಂಡೆಯಿಂದ ಹೊಡೆಯುವ ಲೆಕ್ಕ ಹೇಳುತ್ತಿದ್ದರು. ಸೌರಭ ಅದನ್ನೆಲ್ಲ ಭಕ್ತಿಯಿಂದ ಬಣ್ಣ ಹಚ್ಚಿ ತಂದು ಅಂಕಲ್ ಮುಂದೆ ಲ್ಯಾಪ್‌ಟಾಪ್ ಇಟ್ಟ. ಐನೂರು ಗಜ ದೂರದಲ್ಲಿ ಯಾವುದು ಗಟ್ಟಿ ಅನ್ನುವುದಕ್ಕೇ ಪೂರ್ತಿ ಒಂದು ಹಾಳೆ.

ಅಂಕಲ್ ಕನ್ನಡಕ ಏರಿಸಿ ನೋಡಿದರು. ಆಮೇಲೆ, ನಮ್ಮ ಬೆಟ್ಟದಾಗ ರೋಡೊಡೆಂಡ್ರಾನ್ ಪೊದಿ ಹೆಂಗೈತಿ ಗೊತ್ತೇನು, ಎಂಬತ್ತ ಹೆಜ್ಜಿ ಆಚೆ ಬಸ್ಸ ನಿಂತ್ರೂ ಕಾಣಂಗಿಲ್ಲ, ನೀ ಯಾವ ದೇಶದ ಜಿಂಕೀಗೆ ಹೊಡ್ಯಾಕ ನಿಂತಿ ಅಂತ ಕೇಳಿದರು. ಎರಡು ಸೀಸನ್ ಅದೇ ಪೊದೆಗಳಲ್ಲಿ ಮುಖ ಪರಚಿಸಿಕೊಂಡಿದ್ದ ಸೌರಭ ಆ ಹಾಳೆಯನ್ನು ಡಿಲೀಟ್ ಮಾಡಿದ.

ಕೊನೆಗೆ ಎರಡು ಉಳಿದವು. ಒಂದು ಸೆವೆನ್ ಎಂಎಂ-ಆಟ್-ಎಯ್ಟ್. ಬೆಟ್ಟದ ಬೇಟೆಗೆ ಹೇಳಿ ಮಾಡಿಸಿದ್ದು, ಹಳೆಯ ರೈಫಲಿನ ಮೂರರಲ್ಲಿ ಎರಡು ಪಾಲು ಒದೆತ. ಇನ್ನೊಂದು ಟೂ-ಫಾರ್ಟಿ-ತ್ರೀ. ಒದೆತ ಅರ್ಧದಷ್ಟು, ಗುಂಡು ಸಣ್ಣದು. ಇಲ್ಲಿಯವರು ಮಕ್ಕಳಿಗೆ ಬೇಟೆ ಕಲಿಸುವಾಗ ಕೈಗೆ ಕೊಡುವಂಥದು. ಅಂಕಲ್ ಅದರ ಹೆಸರು ಎತ್ತಿದರೆ ಸಾಕು ಮೀಸೆ ಒರೆಸಿಕೊಳ್ಳುತ್ತಿದ್ದರು. ಹುಡುಗರ ಆಟಿಗಿ ಸಾಮಾನು ತಮಗೆ ಬೇಡ ಅಂದರು.

ಹಾಗಾಗಿ ಮೊದಲು ದೊಡ್ಡದನ್ನೇ ಪರೀಕ್ಷಿಸಲು ಹೋದರು. ಊರಾಚೆಯ ಶೂಟಿಂಗ್ ರೇಂಜಿನಲ್ಲಿ ಬಾಡಿಗೆಗೆ ರೈಫಲ್ ಸಿಕ್ಕಿತು. ಅಂಕಲ್ ಅಂಗಿಯ ಒಳಗೆ ಟವೆಲ್ ಮಡಚಿ ಇಟ್ಟುಕೊಂಡು ಒಂದು ಗುಂಡು ಹಾರಿಸಿದರು. ಹಾರಿಸಿ, ರೈಫಲನ್ನು ಮೇಜಿನ ಮೇಲೆ ಮಲಗಿಸಿ, ಗುಂಡು ಎಲ್ಲಿ ಬಿತ್ತೆಂದೂ ನೋಡದೆ ಕಾರಿನ ಕಡೆ ನಡೆದರು. ಸೀಟ್‌ಬೆಲ್ಟ್ ಹಾಕುವಾಗ ಸೌರಭ ನೋಡಿದ. ಟವೆಲಿನ ಮೇಲೆ ರಕ್ತದ ಚುಕ್ಕೆ. ಮರುದಿನ ಕೀಮೋಗೆ ಹೋದಾಗ ನರ್ಸ್ ಬೈದಳು. ಆಂಟಿಗೆ ಎಲ್ಲ ತಿಳಿಯಿತು.

ಆಂಟಿ ಬೈಯಲಿಲ್ಲ. ಸೂರ್ಯ ಮುಳುಗುವ ಮುಂಚೆ ಉಣ್ಣಲು ಬಾ ಅಂತ ಸೌರಭನನ್ನು ಅಡಿಗೆಮನೆಗೆ ಕರೆದು, ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿ ಎದುರಿಗೆ ಕೂತರು.

"ಒಂದ ಮಾತ ಕೇಳತೇನಿ ತಮ್ಮಾ, ಖರೇ ಹೇಳು. ಸಣ್ಣ ಕಾಡತೂಸ ಆದ್ರ ಅದಕ ತ್ರಾಸ ಜಾಸ್ತಿ ಆಗತೈತೇನು?"

"ಸರಿಯಾದ ಜಾಗಕ್ಕೆ ಬಿದ್ರೆ ಇಲ್ಲ ಆಂಟಿ."

"ಬೀಳದಿದ್ರ?"

ಸೌರಭ ಫೋನಿನಲ್ಲಿ ಶೀಟ್ ತೆಗೆದು ವಿವರಿಸಲು ಹೊರಟ. ನೂರು ಗಜದಲ್ಲಿ ಇದರ ಬಲ ಇಷ್ಟು, ಜಿಂಕೆಗೆ ಬೇಕಾದದ್ದು ಇಷ್ಟು, ಆದ್ದರಿಂದ ಇಷ್ಟು ಮಿಕ್ಕುತ್ತದೆ. ಆಂಟಿ ಕೈ ಗಲ್ಲಕ್ಕಿಟ್ಟು ಪೂರ್ತಿ ಕೇಳಿಸಿಕೊಂಡರು. ಇನ್ನೊಂದು ರೊಟ್ಟಿ ಹಾಕಿದರು. ಇದರಾಗ ನೋವು ಎಲ್ಲಿ ಬರದೀ ಅಂತ ಕೇಳಿದರು. ಅವನು ನಿಜವಾಗಿಯೂ ಶೀಟನ್ನು ಬಲಕ್ಕೆ ಸರಿಸಿ ಸರಿಸಿ ನೋಡಿದ. ತುಕ್ಕು ಹಿಡಿಯುತ್ತದೋ ಇಲ್ಲವೋ ಅನ್ನುವುದಕ್ಕೂ ಕಾಲಂ ಇತ್ತು. ನೋವಿಗೆ ಇರಲಿಲ್ಲ.

"ಅವರು ಹೋಗಲಿ. ನಾ ಬ್ಯಾಡ ಅನ್ನಂಗಿಲ್ಲ," ಆಂಟಿ ತಟ್ಟೆಯ ಅಂಚು ನೋಡುತ್ತ ಅಂದರು. "ಆದ್ರ ಅವರಿಗೂ ತ್ರಾಸ ಆಗಬಾರದು, ಅದಕೂ ತ್ರಾಸ ಆಗಬಾರದು. ಇಬ್ಬರಿಗೂ ಮೆತ್ತಗ ಇರೂವಂಥಾದು ಕೊಡಸು."

ಅವತ್ತು ಮೇಲೆ ಹೋಗಿ ಸೌರಭ ಶೀಟಿಗೆ ಒಂದು ಕಾಲಂ ಸೇರಿಸಿದ. ಮೇಲೆ ನೋವು ಅಂತ ಟೈಪ್ ಮಾಡಿದ. ಕೆಳಗೆ ತುಂಬಲು ಏನೂ ಸಿಗಲಿಲ್ಲ. ಕಣ್ಣು ಮುಚ್ಚಿ ಟೂ-ಫಾರ್ಟಿ-ತ್ರೀ ಅಂತ ತೀರ್ಮಾನ ಮಾಡಿದ.

ಅಂಗಡಿಯಲ್ಲಿ ಕೌಂಟರಿನ ಹಿಂದಿದ್ದ ಮುದುಕ ಆ ಹಗುರ ರೈಫಲ್ ತೆಗೆದುಕೊಡುತ್ತ, ಮೊಮ್ಮಗನಿಗಾ ಅಂತ ಪ್ರೀತಿಯಿಂದ ವಿಚಾರಿಸಿದ. ಅಂಕಲ್ ಹಿಂದೆ ತಿರುಗಿ ಸೌರಭನ ಭುಜ ತಟ್ಟಿ, ಹೌದು, ನೋಡು, ಇವನೇ, ಸ್ವಲ್ಪ ತಡವಾಗಿ ಬೆಳೀತಿದಾನೆ ಅಂತ ಇಂಗ್ಲಿಷಿನಲ್ಲಿ ಹೇಳಿದರು. ಮುದುಕ ಬಿದ್ದು ಬಿದ್ದು ನಕ್ಕ. ಕಾರು ಮನೆ ಹತ್ತಿರ ಬಂದಾಗ ಅಂಕಲ್, ಹುಡುಗರದಾದ್ರೇನು, ಹುಡುಗರಂಗ ಎತ್ತಿ ಮಲಗಸೂ ಹೊತ್ತು ಬಂದೈತಿ ಅಂದರು.

ಅಕ್ಟೋಬರಿನ ಬಿಸಿಲಲ್ಲಿ ಆ ಪುಟ್ಟ ತೋಟಾ ಬಂಗಾರದ ಹಾಗೆ ನಡೆಯಿತು. ಅಂಕಲ್ ಭುಜಕ್ಕೆ ಏನೂ ಆಗಲಿಲ್ಲ. ಹಾರಿಸಿದ ಗುಂಡುಗಳೆಲ್ಲ ಕಾಗದದ ಮೇಲೆ ಒಂದು ಮುಷ್ಟಿಯಗಲದಲ್ಲಿ ಬಿದ್ದವು. ಸೌರಭ ಆ ಕಾಗದವನ್ನು ತಂದು ಫ್ರಿಜ್ಜಿಗೆ ಅಂಟಿಸಿದ. ಆಂಟಿ ತೆಗೆಯದೆ ಬಿಟ್ಟರು. ಟೆಸ್ಟ್ ಪಾಸಾಯಿತು ಅಂತ ಅವನು ಮನೆಯೆಲ್ಲ ಓಡಾಡಿದ. ಟೆಸ್ಟಿನಲ್ಲಿ ಓಡಿದ್ದು ನಿಜವಾದ ಜಾಗದಲ್ಲಿ ಓಡಲೇಬೇಕೆಂದಿಲ್ಲ ಅಂತ ವಾರಕ್ಕೊಮ್ಮೆ ಮೀಟಿಂಗಿನಲ್ಲಿ ಎಲ್ಲರಿಗೂ ಉಪದೇಶ ಮಾಡಿ ಸಂಬಳ ತೆಗೆದುಕೊಳ್ಳುವವನು ಅವನೇ. ಅಂಕಲ್ ಕೀಮೋ ಶುರುವಾದ ಮೇಲೆ ಫ್ರಿಜ್ಜಿನ ಬಾಗಿಲು ಮುಟ್ಟುತ್ತಿರಲಿಲ್ಲ. ತಣ್ಣಗಿದ್ದದ್ದು ಏನು ತಾಗಿದರೂ ಆ ಔಷಧಿಗೆ ಅವರ ಬೆರಳು ಜುಮ್ಮೆಂದು ಮರಗಟ್ಟುತ್ತಿದ್ದವು. ಕುಡಿಯುವ ನೀರನ್ನೂ ಆಂಟಿ ಕಾಯಿಸಿ ಕೊಡುತ್ತಿದ್ದರು. ಇದನ್ನೆಲ್ಲ ಸೌರಭ ದಿನಾ ಕಣ್ಣಾರೆ ನೋಡುತ್ತಿದ್ದ. ನೋಡುತ್ತ ಅದೇ ಫ್ರಿಜ್ಜಿಗೆ ಕಾಗದ ಅಂಟಿಸಿದ್ದ.

ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಬೆಟ್ಟಕ್ಕೆ ಹೋದರು. ಚೈತನ್ಯಾ ಬೇಡವೆಂದು ಫೋನಿನಲ್ಲಿ ಜಗಳವಾಡಿದಳು, ಕೊನೆಗೆ ಬೆಚ್ಚಗಿನ ಗ್ಲೌಸ್ ಕಳಿಸಿದಳು. ಮರ ಸಾಗಿಸುವವರು ಮಾಡಿದ್ದ ಹಳೆಯ ದಾರಿಯ ಪಕ್ಕದಲ್ಲಿ, ಕಾರಿನಿಂದ ಹೆಚ್ಚು ದೂರವಿಲ್ಲದ ಒಂದು ಓಕ್ ಮರದ ಬುಡಕ್ಕೆ ಅಂಕಲ್ ಬೆನ್ನು ಕೊಟ್ಟು ಕೂತರು. ಹತ್ತಲು ಆಗಿದ್ದು ಅಷ್ಟೇ. ಎಲೆಯ ಮೇಲೆಲ್ಲ ಇಬ್ಬನಿ ಗಟ್ಟಿಯಾಗಿತ್ತು. ಸೌರಭ ಹಿಂದೆ ಕೂತು ಅವರ ಟೊಪ್ಪಿಗೆಯ ಕಿತ್ತಳೆ ಬಣ್ಣವನ್ನೇ ನೋಡುತ್ತಿದ್ದ. ಬಿಸಿಲು ಮರಗಳ ನಡುವೆ ಇಳಿಯುವ ಹೊತ್ತಿಗೆ, ಪೊದೆಯ ಅಂಚಿನಿಂದ ಒಂದು ಗಂಡು ಜಿಂಕೆ ತಲೆ ತಗ್ಗಿಸಿಕೊಂಡು ಹೊರಗೆ ಬಂತು. ಹತ್ತಿರವೇ. ಸೌರಭನೂ ಹೊಡೆಯಬಹುದಾದಷ್ಟು ಹತ್ತಿರ.

ಅಂಕಲ್ ಬಲಗೈಯ ಗ್ಲೌಸನ್ನು ಹಲ್ಲಿನಿಂದ ಎಳೆದು ತೆಗೆದರು. ದಪ್ಪ ಗ್ಲೌಸಿನಲ್ಲಿ ಬೆರಳು ಬಂದೂಕಿನ ಕುದುರೆಗೆ ಹೋಗುತ್ತಿರಲಿಲ್ಲ. ತಣ್ಣನೆಯ ಉಕ್ಕು ಬೆರಳಿಗೆ ತಾಗಿದಾಗ ಅವರ ಹೆಗಲು ಒಮ್ಮೆ ನಡುಗಿದ್ದನ್ನು ಸೌರಭ ಕಂಡ. ಗುಂಡು ಹಾರಿತು. ಜಿಂಕೆ ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಒಂದು ಸಲ ಮುಗ್ಗರಿಸಿ, ಪೊದೆಯೊಳಗೆ ನುಗ್ಗಿಹೋಯಿತು.

"ಕೈ ಹೇಳಿದ್ದ ಕೇಳಲಿಲ್ಲೋ," ಅಂದರು ಅಂಕಲ್. "ಹಿಂದ ಬಿತ್ತು. ಹೊಟ್ಟೀಗೆ ಬಿತ್ತು."

ಕಾದರು. ಹೊಟ್ಟೆಗೆ ಬಿದ್ದದ್ದನ್ನು ತಕ್ಷಣ ಬೆನ್ನಟ್ಟಬಾರದು, ಇನ್ನೂ ದೂರ ಓಡುತ್ತದೆ ಅಂತ ಅವರೇ ಕಲಿಸಿದ್ದರು. ಆಮೇಲೆ ಸೌರಭ ಹೊರಟ. ಒಣಗಿದ ಎಲೆಯ ಮೇಲೆ ಒಂದೆರಡು ಹನಿ ರಕ್ತ, ಮುಂದೆ ಇನ್ನೊಂದು, ಆಮೇಲೆ ಏನೂ ಇಲ್ಲ. ದೊಡ್ಡ ಗುಂಡು ಆ ಕಡೆಯಿಂದ ಹೊರಬಿದ್ದು ರಕ್ತ ಹರಿಸಿ ದಾರಿ ತೋರಿಸುತ್ತದೆ, ಸಣ್ಣದು ಕೆಲವು ಸಲ ಒಳಗೇ ಉಳಿದುಬಿಡುತ್ತದೆ. ಎಲ್ಲೋ ಓದಿದ್ದ. ಕಾಲಂ ಮಾಡಿರಲಿಲ್ಲ. ಮೊಣಕಾಲೂರಿಕೊಂಡು ಪೊದೆಗಳ ಕೆಳಗೆ ನುಸುಳಿದ, ತೊರೆಯ ತನಕ ಇಳಿದ, ಮತ್ತೆ ಹತ್ತಿದ. ಮೇಲಿನಿಂದ ಅಂಕಲ್ ಎಡಕ್ಕ ನೋಡು, ನೀರಿನ ಕಡಿ ನೋಡು ಅಂತ ಕೂಗುತ್ತಿದ್ದರು. ಮಧ್ಯಾಹ್ನ ಕಳೆದ ಮೇಲೆ ಕೂಗು ನಿಂತಿತು. ಗಾಬರಿಯಿಂದ ಓಡಿ ಬಂದು ನೋಡಿದರೆ, ಅವರು ಮರ ಬಿಟ್ಟು ಎದ್ದು, ಕೋಲೂರಿಕೊಂಡು, ತಾವೂ ಹುಡುಕಲು ಹೊರಟಿದ್ದರು. ಹತ್ತು ಹೆಜ್ಜೆ ಇಳಿದು ಕಲ್ಲಿನ ಮೇಲೆ ಕುಸಿದು ಕೂತಿದ್ದರು. ಅವರನ್ನು ಕಾರಿನ ತನಕ ಹೊತ್ತೇ ತರಬೇಕಾಯಿತು. ದೊಡ್ಡ ಮೀಸೆಯ ಆ ದೇಹ ಅಷ್ಟು ಹಗುರವಾಗಿ ಬೆನ್ನ ಮೇಲೆ ಬಂದದ್ದಕ್ಕೆ ಸೌರಭನಿಗೆ ಅಳು ಬಂತು. ಏದುಸಿರು ಅಂತ ಅಂದುಕೊಳ್ಳಲಿ ಎಂದು ಜೋರಾಗಿ ಉಸಿರಾಡಿದ.

ದಾರಿಯುದ್ದಕ್ಕೂ ಅವರು ಒಂದೇ ಮಾತು ಆಡಿದ್ದು. ಅಕೀಗೆ ಏನ ಹೇಳೂದು ಅಂತ.

ಗ್ಯಾರೇಜಿನ ಒಳಬಾಗಿಲಿನ ಈಚೆ ಆಂಟಿ ಆಗಲೇ ನಿಂತಿದ್ದರು. ಎಷ್ಟ ಏಟು ಅಂತ ಕೇಳಿದರು. ಅಂಕಲ್ ಗೋಡೆ ಹಿಡಿದು ನಿಂತು ಹೆಂಡತಿಯ ಮುಖ ನೋಡಿದರು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಂಟಿಯ ಮುಖ ಇಷ್ಟಿಷ್ಟೇ ಬಿಳಿಚಿಕೊಳ್ಳುತ್ತಿತ್ತು. ಸೌರಭ ಮಧ್ಯೆ ಬಾಯಿ ಹಾಕಿದ.

"ಒಂದೇ ಆಂಟಿ. ಅಲ್ಲೇ ಬಿತ್ತು. ಅಂಕಲ್‌ಗೆ ಸುಸ್ತಾಯ್ತು ಅಂತ ಅಲ್ಲಿ ಕಟ್ ಮಾಡೋರ ಹತ್ರ ಕೊಟ್ಟು ಬಂದ್ವಿ. ನಾಳೆ ಹೋಗಿ ತರ್ತೀನಿ."

ಆಂಟಿ ಎರಡು ಕೈಯಿಂದಲೂ ಮುಖ ಒರೆಸಿಕೊಂಡರು. ಒಳಗೆ ಹೋದರು. ದೀಪದ ಕಡ್ಡಿ ಗೀರಿದ ಸದ್ದು, ಆಮೇಲೆ ಮೆಲ್ಲನೆ ಮಂತ್ರ, ಗ್ಯಾರೇಜಿಗೂ ಕೇಳಿಸಿತು. ಅಂಕಲ್ ಸ್ಟೂಲಿನ ಮೇಲೆ ಕೂತು ಅದು ಮುಗಿಯುವ ತನಕ ತಲೆ ಎತ್ತಲಿಲ್ಲ. ಸೌರಭನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ನಿದ್ದೆ ಬರುತ್ತಿತ್ತು.

ಮರುದಿನ ಒಬ್ಬನೇ ಹೋದ. ಜಿಂಕೆ ಸಿಕ್ಕಿದರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಅನ್ನುವ ಆಸೆ. ಕಾಗೆ ಹಾರಿದ ಕಡೆಗೆಲ್ಲ ಓಡಾಡಿದ. ಎಲ್ಲೂ ಇರಲಿಲ್ಲ. ವಾಪಸ್ ಬರುವಾಗ ಮಾರಿಸ್‌ವಿಲ್ಲಿನ ಹಲಾಲ್ ಅಂಗಡಿಗೆ ಹೋಗಿ, ಆಡಿನ ಮಾಂಸ ಕಟ್ಟಿಸಿಕೊಂಡ. ಅಂಗಡಿಯ ಚೀಟಿಯನ್ನು ಪಾರ್ಕಿಂಗ್ ಲಾಟಿನ ಕಸದ ಡಬ್ಬಿಗೆ ಹಾಕಿದ. ಗ್ಯಾರೇಜಿನಲ್ಲಿ ಅಂಕಲ್ ಅವರದೇ ಪಾತ್ರೆಯಲ್ಲಿ, ಅವರದೇ ಖಾರದ ಪುಡಿ ಹಾಕಿ ಬೇಯಿಸಿದ.

ವಾರಗಳಿಂದ ಗಂಜಿಯೂ ನಿಲ್ಲದ ಹೊಟ್ಟೆ ಅದು. ಅಂಕಲ್ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಬಂದು ಕೂತರು. ಒಂದು ತುಂಡು ಬಾಯಿಗಿಟ್ಟು ಅಗಿದರು. ಎಲುಬನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಜಿಂಕಿ ಭಾಳ ಕೊಬ್ಬೈತಲ್ಲೋ. ಮಷಿನ್ನ್ಯಾಗ ಕೊಯ್ದಾರ. ಎಲ್ಲಿಂದ ತಂದಿ?"

"ಮಾರಿಸ್‌ವಿಲ್," ಅಂದ ಸೌರಭ.

ಅಂಕಲ್ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಕಡಿಮೆಯಾದ ಮೇಲೆ ಕಣ್ಣು ಒರೆಸಿಕೊಂಡರು, ಆದರೆ ನೀರು ನಿಲ್ಲಲಿಲ್ಲ. ಸೌರಭ, ತಪ್ಪು ನಂದು ಅಂಕಲ್, ಸಣ್ಣ ಗುಂಡು ಆರಿಸಿದ್ದು ನಾನು, ಚಳಿ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂತ ಏನೇನೋ ಹೇಳುತ್ತ ಹೋದ. ಅವರು ಕೈ ಎತ್ತಿ ನಿಲ್ಲಿಸಿದರು.

"ಕಾಡತೂಸ ಬರೋಬ್ಬರಿ ಇತ್ತು. ಹೋಗಬೇಕಂತ ಹಟಾ ಹಿಡಿದಾಂವ ನಾ. ಅದು ಅಲ್ಲೆ ಎಷ್ಟ ಹೊತ್ತ ಒದ್ದಾಡ್ತೋ ಏನೋ ಸೌರಭ್ಯಾ, ನಾ ಇಲ್ಲೆ ಬೆಚ್ಚಗ ಹೊತಗೊಂಡು ಮಲಗೇನಿ." ಆಮೇಲೆ ಒಳಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಕೀಗೆ ಹೇಳಬ್ಯಾಡ. ಎಲಿ ಎಲ್ಲಾ ಉದುರಿದ ಮ್ಯಾಲೆ, ಚಳಿ ಮುಗಿಯೂದ್ರೊಳಗ, ಒಮ್ಮೆ ಹೋಗಿ ನೋಡು. ಎಲುಬು ಸಿಕ್ರ ಮಣ್ಣ ಮುಚ್ಚಿ ಬಾ."

ಇನ್ನೊಂದು ತುಂಡು ಹಾಕಿಸಿಕೊಂಡು ತಿಂದರು. ಅದೇ ಅವರು ರುಚಿಯಾಗಿ ಉಂಡ ಕೊನೆಯ ಊಟ. ಜನವರಿಯಲ್ಲಿ, ಮನೆಯಲ್ಲೇ, ಮಗಳು ಹೆಂಡತಿ ಎರಡೂ ಕಡೆ ಕೂತಿದ್ದಾಗ ತೀರಿಕೊಂಡರು.

ಅಂತ್ಯಕ್ರಿಯೆಯ ಹಾಲಿನಲ್ಲಿ ಸಂಘದವರೆಲ್ಲ ಬಂದಿದ್ದರು. ಆಂಟಿ ಒಬ್ಬೊಬ್ಬರಿಗೂ ಹೇಳುತ್ತಿದ್ದರು, ಕೊನೀ ಸಲಾನೂ ಒಂದ ಏಟು, ಸೌರಭನ ಕೇಳ್ರಿ, ಅಲ್ಲೇ ಇದ್ದ. ಬಂದವರು ಅವನ ಕಡೆ ತಿರುಗುತ್ತಿದ್ದರು. ಅವನು ಹೌದು ಅನ್ನುತ್ತಿದ್ದ. ಯಾರೋ ಎಷ್ಟು ದೊಡ್ಡದು ಅಂತ ಕೇಳಿದಾಗ ಕೈ ಅಗಲಿಸಿ ಕೊಂಬನ್ನೂ ತೋರಿಸಿದ. ಪ್ರತಿ ಸಲ ಕೊಂಬು ಸ್ವಲ್ಪ ಬೆಳೆಯುತ್ತಿತ್ತು, ಆಂಟಿಗೆ ಅಷ್ಟು ಸಮಾಧಾನವಾಗುತ್ತಿತ್ತು. ಚೈತನ್ಯಾ ಬಂದು ಅವನ ಕೈ ಹಿಡಿದು, ಅಪ್ಪನಿಗೆ ನೀನು ಕೊಟ್ಟದ್ದನ್ನು ನಾನು ಕೊಡಲಾಗಲಿಲ್ಲ ಅಂದಳು. ಅವನು ವಾಶ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ನಿಂತ.

ಮಾರ್ಚ್ ಹೊತ್ತಿಗೆ ಆಂಟಿ ಶ್ಯಾಂಟಿಲಿಗೆ ಹೋಗುವುದು ನಿಶ್ಚಯವಾಗಿತ್ತು. ಸೌರಭನ ಪ್ರಾಜೆಕ್ಟ್ ಬೇರೆ ರಾಜ್ಯದ ಅಲ್ಫರೆಟಾಕ್ಕೆ ಬದಲಾಗಿತ್ತು. ಹೊರಡುವ ಮುಂಚಿನ ಶನಿವಾರ ಅವನು ಬೆಟ್ಟಕ್ಕೆ ಹೋದ. ಬಂದೂಕಿಲ್ಲ, ಹಿತ್ತಲಿನಲ್ಲಿ ಆಂಟಿ ಬಳಸುವ ಸಣ್ಣ ಸಲಿಕೆ ಒಂದು. ಓಕ್ ಮರದಿಂದ ಶುರುಮಾಡಿ, ನೀರಿನ ಕಡೆ ಇಳಿದ. ರೋಡೊಡೆಂಡ್ರಾನಿಗೆ ಎಲೆ ಉದುರುವುದೇ ಇಲ್ಲ, ಅದು ಚಳಿಗಾಲದಲ್ಲೂ ಹಸಿರು ಅನ್ನುವುದು ಅಲ್ಲಿ ನಿಂತ ಮೇಲೆ ಹೊಳೆಯಿತು. ಅಂಕಲ್ಲಿಗೆ ಅದು ಗೊತ್ತಿರಲೇಬೇಕಿತ್ತು. ಆದರೂ ಹುಡುಕಿದ.

ತೊರೆಯ ಆಚೆ, ಬಂಡೆಯ ಮಗ್ಗುಲಲ್ಲಿ ಎಲುಬು ಸಿಕ್ಕಿತು. ಪಕ್ಕೆಲುಬು ಒಂದಷ್ಟು, ಬೆನ್ನಿನ ಮಣಿಗಳು. ತಲೆ ಇರಲಿಲ್ಲ, ಯಾವುದೋ ಪ್ರಾಣಿ ಎಳೆದೊಯ್ದಿರಬೇಕು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದ. ಗುಂಡಿನ ಗುರುತಿರಲಿಲ್ಲ. ಹೊಟ್ಟೆಗೆ ಬಿದ್ದದ್ದಕ್ಕೆ ಎಲುಬಿನ ಮೇಲೆ ಗುರುತು ಎಲ್ಲಿಂದ ಬರಬೇಕು. ಇದೇ ಇರಬಹುದು ಅಂದುಕೊಂಡು ಅಗೆದು ಮುಚ್ಚಿದ, ಮೇಲೆ ಕಲ್ಲಿಟ್ಟ. ಕೈ ಮುಗಿಯುವುದೋ ಬೇಡವೋ ತಿಳಿಯದೆ ಸ್ವಲ್ಪ ಹೊತ್ತು ಕೂತು ಎದ್ದ.

ವಾಪಸ್ ಹತ್ತುವಾಗ ಇನ್ನೊಂದು ಕಡೆ ಎಲುಬು ಕಂಡವು. ಇವು ಮೊದಲಿನವಕ್ಕಿಂತ ಬೆಳ್ಳಗಿದ್ದವು. ಅಂಕಲ್ ಹೊಡೆದದ್ದು ಅದೋ ಇದೋ, ಹೇಳುವ ಹಾಗಿರಲಿಲ್ಲ. ಆಮೇಲೆ ಜಾಕೆಟ್ ಬಿಚ್ಚಿ ಕೊಂಬೆಗೆ ಹಾಕಿ, ಅಲ್ಲೂ ಅಗೆಯಲು ಶುರುಮಾಡಿದ.